ಕೂರುವ ಜ್ವರ, ಬರುವ ಜ್ವರ

ಹಿಪ್ಪುನೇರಳೆ ಸೊಪ್ಪಿಗೆ ಎಂಥ ವಾಸನೆ ಎಂದು ಕೇಳುವವರು ಅದರ ಹೊರೆಯ ಪಕ್ಕ ಬಸ್ಸಿನಲ್ಲಿ ಕೂತವರಲ್ಲ. ಕಳೆದ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಕನಕಪುರದಲ್ಲಿ ದೊಡ್ಡಆಲಹಳ್ಳಿ ಬಸ್ಸು ಹತ್ತಿದ್ದೆ. ಹೆಂಗಸೊಬ್ಬಳು ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಸೊಪ್ಪಿನ ಹೊರೆಯನ್ನು ತಂದು ಸೀದಾ ನನ್ನ ಕಾಲಿನ ಮೇಲೆಯೇ ಇಟ್ಟಳು. “ಒಸಿ ಸರ್ಕಳಿ ಅಮ್ಮ” ಎಂದಳು, ಬಸ್ಸು ಸೊಪ್ಪಿಗಾಗಿಯೇ ಬಿಟ್ಟದ್ದು ಎನ್ನುವ ಹಾಗೆ. ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಹಸಿ ವಾಸನೆ ಮೂಗಿಗೆ ಬಂತು, ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನನಗೆ ಅದು ಒಬ್ಬ ಮನುಷ್ಯನ ಅಂಗಿಯ ವಾಸನೆ. ಬೆಳಗಿನ ಜಾವ ಎದ್ದು ಸೊಪ್ಪು ಕೊಯ್ದು, ಅದೇ ಅಂಗಿಯಲ್ಲಿ ಎರಡು ಬಸ್ಸು ಬದಲಿಸಿ ಹಾರೋಹಳ್ಳಿಯ ಕಾರ್ಖಾನೆಗೆ ಬರುತ್ತಿದ್ದ ಮಾದೇಶ ಎಂಬುವವನು ಅವನು.

ಮೊಬೈಲು ಇನ್ನೂ ಮ್ಯಾನೇಜರುಗಳ ಸೊಂಟದಲ್ಲಿ ಮಾತ್ರ ಇದ್ದ ಕಾಲ. ಹಾರೋಹಳ್ಳಿಯಲ್ಲಿ ವಾರಕ್ಕೊಂದು ಹೊಸ ಶೆಡ್ಡು ಏಳುತ್ತಿತ್ತು. ನಿನ್ನೆ ರಾಗಿ ಒಕ್ಕಿದವನು ಇವತ್ತು ಖಾಕಿ ಅಂಗಿ ತೊಟ್ಟು ಸೈರನ್ನಿಗೆ ಓಡುತ್ತಿದ್ದ. ನಾನಿದ್ದದ್ದು ವಾಹನಗಳಿಗೆ ತಗಡಿನ ಬಿಡಿಭಾಗ ಒತ್ತುವ ಕಾರ್ಖಾನೆ. ಗೇಟಿನ ಪಕ್ಕದ ಟೈಮ್ ಆಫೀಸು ನನ್ನ ರಾಜ್ಯ. ಹಾಜರಿ ಕಾರ್ಡು, ರಜಾ ಚೀಟಿ, ಗೇಟ್ ಪಾಸು, ಟೆಲಿಫೋನು, ಎಲ್ಲವೂ ನನ್ನ ಕೈಯಲ್ಲಿ. ಹತ್ತು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸುತ್ತಿದ್ದೆನೆಂದು ನನ್ನ ಬೆನ್ನ ಹಿಂದೆ ‘ಕತ್ತರಿ’ ಎಂದು ಹೆಸರಿಟ್ಟಿದ್ದರು. ನನಗದು ಗೊತ್ತಿತ್ತು. ಸುಳ್ಳೇಕೆ, ಒಳಗೊಳಗೇ ಹೆಮ್ಮೆಯೂ ಇತ್ತು.

ಮಾದೇಶ ಪ್ರೆಸ್ ವಿಭಾಗದಲ್ಲಿದ್ದ. ಮೂವತ್ತು ದಾಟಿದ, ಮಾತು ಕಡಿಮೆಯ ಆಸಾಮಿ. ಊರು ದೊಡ್ಡಆಲಹಳ್ಳಿಯಿಂದ ಇನ್ನೂ ಒಳಗೆ. ಅವನಿಗೆ ಆಗಾಗ ಊರಿನ ಅಂಗಡಿಯ ಕಾಯಿನ್ ಫೋನಿನಿಂದ ಕರೆ ಬರುತ್ತಿತ್ತು. ಮೊದಲ ಸಲ ಎತ್ತಿದಾಗ ಒಂದು ಹೆಣ್ಣುದನಿ, “ನಮ್ ಮಾವ ಅವ್ರಾ ಅಕ್ಕ?” ಎಂದಿತು. ಯಾರಮ್ಮ ನಿಮ್ಮ ಮಾವ ಎಂದರೆ, “ಅದೇ, ಮಾದೇಸ.” ಮೂವತ್ತರ ಗಂಡಿಗೆ ಸೊಸೆಯೇ ಎಂದು ಬೆರಗಾದೆ. ಅವಳು ಅವನ ಹೆಂಡತಿ ಸವಿತ, ಅವನ ಸ್ವಂತ ಅಕ್ಕನ ಮಗಳು ಎಂಬುದು ಆಮೇಲೆ ತಿಳಿಯಿತು. ಹುಟ್ಟಿದಾಗಿನಿಂದ ಮಾವ ಎಂದು ಕರೆದವನನ್ನೇ ಕಟ್ಟಿಕೊಂಡಮೇಲೆ ಇನ್ನೇನೆಂದು ಕರೆದಾಳು!

ಅವಳ ಎರಡನೆಯ ಕರೆ ನನ್ನನ್ನು ಇನ್ನೂ ದೊಡ್ಡ ಪೆದ್ದಿ ಮಾಡಿತು. “ಎರಡ್ನೇ ಜ್ವರಕ್ಕೆ ಕೂತವೆ ಅಂತ ಹೇಳ್ಬುಡಿ ಅಕ್ಕ” ಎಂದು ಇಟ್ಟುಬಿಟ್ಟಳು. ನಾನು ಗಾಬರಿಯಾಗಿ, ಸೆರಗು ಸಿಕ್ಕಿಸಿಕೊಂಡು, ಕಿವುಡುಗೊಳಿಸುವ ಪ್ರೆಸ್ಸುಗಳ ನಡುವೆ ಓಡಿಹೋಗಿ, “ಮಾದೇಶ, ಮನೆಯಲ್ಲಿ ಎಲ್ಲರಿಗೂ ಜ್ವರವಂತೆ, ಎರಡನೇ ಸಲವಂತೆ, ಹೊರಡು!” ಎಂದು ಕೂಗಿದೆ. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವೆಲ್ಡಿಂಗಿನ ಪುಟ್ಟರಾಜು, “ಹುಳ ಮೇಡಮ್ಮೋರೆ, ರೇಷ್ಮೆ ಹುಳ! ನೀವು ಮಾತ್ರೆ ಗೀತ್ರೆ ಕಳಿಸ್ಬುಟ್ಟೀರಿ!” ಎಂದು ಮೀಸೆ ತಿರುವಿದ. ನಾನು ರಾಮನಗರದವಳು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲೇ ಬೆಳೆದವಳು. ಗೂಡು ಗೊತ್ತಿತ್ತು, ಹುಳ ಗೊತ್ತಿರಲಿಲ್ಲ. ಮೇಷ್ಟರ ಮಗಳಿಗೆ ಹುಳದ ಕಥೆ ಯಾರು ಹೇಳುತ್ತಾರೆ?

ಆಮೇಲೆ ಮಾದೇಶನೇ ಹೇಳಿಕೊಟ್ಟ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಹಾಗೆ ಬಿಡುವ ಮೊದಲು ಒಂದು ದಿನ ತಲೆ ಎತ್ತಿ, ಸೊಪ್ಪು ಮುಟ್ಟದೆ, ಅಲುಗಾಡದೆ ಕೂರುತ್ತದೆ. ಅದಕ್ಕೆ ಇವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ದಿನ ಮನೆಯವರಿಗೂ ಬಿಡುವು, ಯಾಕೆಂದರೆ ಸೊಪ್ಪು ಹಾಕುವ ಹಾಗಿಲ್ಲ. ಅದರಲ್ಲೂ ನಾಲ್ಕನೇ ಜ್ವರದಿಂದ ಎದ್ದವೆಂದರೆ ಒಂದು ವಾರ ಮನೆಮಂದಿಗೆಲ್ಲ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿಲ್ಲ, ಹುಳ ತಿಂದದ್ದೇ ತಿಂದದ್ದು. ಅದಕ್ಕಾಗಿ ರಜೆ ಹಾಕಬೇಕಲ್ಲ, ಸವಿತಳ ಫೋನು ಅದರ ಮುನ್ಸೂಚನೆ. ನಾನು ಇದನ್ನೆಲ್ಲ ಕಲಿತು ಜಾಣೆಯಾದೆ. “ಏನಪ್ಪ, ಮೂರನೇ ಜ್ವರ ಎದ್ದವಾ?” ಎಂದು ಗೇಟಿನಲ್ಲೇ ಕೇಳುವಷ್ಟು ಜಾಣೆ. ಹುಳದ ಮನೆಯನ್ನು ಒಂದು ದಿನವೂ ನೋಡಿದವಳಲ್ಲ ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ಸಲುಗೆ ಬೆಳೆದಿದ್ದರೂ, ಮಾದೇಶ ತಿಂಗಳಿಗೊಂದು ಸಲ ತಪ್ಪದೆ ಹಾಕುತ್ತಿದ್ದ ಇನ್ನೊಂದು ರಜೆ ನನಗೆ ಅರ್ಥವಾಗಿರಲಿಲ್ಲ. ಹುಳ ಇರಲಿ ಇಲ್ಲದಿರಲಿ, ಮೂರೂವರೆ ನಾಲ್ಕು ವಾರಕ್ಕೊಮ್ಮೆ ಒಂದು ದಿನ ಗೈರು. ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕರೆದು ಉಗಿದೆ. “ತಿಂಗಳು ತಿಂಗಳು ಅದೇನಪ್ಪ ಅಂಥ ಸ್ವಂತ ಕೆಲಸ? ಪಟ್ಟಾಭಿಷೇಕವಾ?” ಅವನು ಪ್ರೆಸ್ಸಿಗೆ ವಾಪಸು ಹೋದ. ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಪ್ಪ ಆಸ್ಪತ್ರೆ ಫೈಲು ತಂದು ನನ್ನ ಮೇಜಿನ ಮೇಲಿಟ್ಟ. ಮೇಲೆ ‘ಕಾವ್ಯ, ಎಂಟು ವರ್ಷ’ ಎಂದು ಬರೆದಿತ್ತು.

ಅವನು ನಿಧಾನವಾಗಿ ಹೇಳಿದ್ದನ್ನು ನಾನು ಮರೆತಿಲ್ಲ. ಹಿಂದಿನ ವರ್ಷ ಇಸ್ಕೂಲಿನ ಪ್ರಾರ್ಥನೆ ಸಾಲಿನಲ್ಲಿ ನಿಂತಿದ್ದ ಮಗಳ ಕೈಯಿಂದ ಸ್ಲೇಟು ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಗಾಳಿ ಸೋಕಿದೆ ಎಂದರು ಊರವರು. ಅದಕ್ಕೂ ಮೊದಲು ಎಷ್ಟೋ ಸಲ ಕೈಕಾಲು ನೋವೆಂದು ಅತ್ತಿದ್ದಳು, ಕಣ್ಣು ಹಳದಿಯಾಗಿತ್ತು, ಕಾಮಾಲೆ ಎಂದು ನಾಟಿ ಔಷಧಿ ಕುಡಿಸಿದ್ದರು. ಕನಕಪುರಕ್ಕೆ ಹೋಗಿ, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದಮೇಲೆ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಯಿತು. “ರಕ್ತದ ಕಣ ಗುಂಡಗಿರ್ಬೇಕಂತೆ ಮೇಡಂ. ಇವಳ್ದು ಕುಡ್ಲು ಥರ ಬಾಗ್ಬುಡ್ತವಂತೆ. ನರದಲ್ಲಿ ಒಂದ್ಕೊಂದು ಸಿಗಾಕ್ಕಂಡು ದಾರಿ ಕಟ್ಬುಡ್ತವಂತೆ. ತಲೇಲಿ ಕಟ್ಟಿದ್ದಕ್ಕೆ ಹಂಗಾಯ್ತಂತೆ.”

ಪೈರು ಕೊಯ್ಯುವ ಕುಡುಗೋಲು ಮಗುವಿನ ರಕ್ತದಲ್ಲಿ.

“ಒಂದ್ಸಲ ಆದವ್ರಿಗೆ ತಿರುಗಾ ಆಗ್ಬೋದಂತೆ. ಆಗ್ಬಾರ್ದು ಅಂದ್ರೆ ತಿಂಗ್ಳು ತಿಂಗ್ಳು ಬೇರೆಯವ್ರ ರಕ್ತ ಹಾಕ್ತಾ ಇರ್ಬೇಕು. ನಿಲ್ಲಿಸಂಗಿಲ್ಲ. ಒಂದ್ ತಿಂಗ್ಳೂ ತಪ್ಪಿಸಂಗಿಲ್ಲ ಅಂದವ್ರೆ ಡಾಕ್ಟ್ರು.”

“ನೀವೇ ಕೊಡೋದಲ್ವಾ? ತಂದೆ ತಾಯಿ ಇದ್ದೀರಲ್ಲ” ಎಂದೆ, ದೊಡ್ಡ ಬುದ್ಧಿವಂತೆಯ ಹಾಗೆ.

ಅವನು ನೆಲ ನೋಡಿದ. “ನಮ್ದು ಆಗಕ್ಕಿಲ್ಲ ಮೇಡಂ. ಡಾಕ್ಟ್ರು ಒಂದು ಚೀಟಿ ಮೇಲೆ ನಮ್ ವಂಸ ಬರೆದ್ರು. ಈ ಕಡೆಯಿಂದೊಂದು ಗೆರೆ, ಆ ಕಡೆಯಿಂದೊಂದು ಗೆರೆ ಎಳೀತಾ ಎಳೀತಾ ಎರಡೂ ಬಂದು ನಮ್ಮವ್ವನ ತಾವೇ ನಿಂತ್ಕಂಡ್ವು. ನನ್ನಲ್ಲೂ ಅರ್ಧ ಐತಂತೆ, ಸವಿತನಲ್ಲೂ ಅರ್ಧ ಐತಂತೆ. ನಮ್ಗೇನೂ ಆಗಿಲ್ಲ. ಮಗೀಗೆ ಎರಡೂ ಸೇರ್ಕಬುಟ್ಟೈತೆ.” ಆಸ್ಪತ್ರೆಯಲ್ಲಿ ಮಗುವಿಗೆ ಒಂದು ಚೀಲ ರಕ್ತ ಹಾಕಿದರೆ ಬದಲಿಗೆ ಇಬ್ಬರು ಹೋಗಿ ಕೊಟ್ಟುಬರಬೇಕಿತ್ತು. ಊರಲ್ಲಿ ಸೋದರಮಾವಂದಿರು, ದಾಯಾದಿಗಳು ಮೊದಮೊದಲು ಬಂದರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಬಂತು. ಮುಂದಿನ ವಾರಕ್ಕೆ ಇಬ್ಬರು ಸಿಕ್ಕಿಲ್ಲ ಎಂದು ಹೇಳಿ, ಫೈಲನ್ನು ಚೀಲಕ್ಕೆ ತುರುಕಿಕೊಂಡ.

ನಾನು ಅಂಥ ಕರುಣಾಮಯಿಯೇನಲ್ಲ. ಆದರೆ ‘ಪಟ್ಟಾಭಿಷೇಕ’ ಎಂದದ್ದು ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು. ಅವತ್ತು ಊಟದ ಬೆಲ್ಲು ಹೊಡೆದಾಗ ಕ್ಯಾಂಟೀನಿಗೆ ಹೋಗಿ ಬೆಂಚಿನ ಪಕ್ಕ ನಿಂತು ವಿಷಯ ಹೇಳಿದೆ. ಒಬ್ಬೊಬ್ಬರೂ ಸಾರಿನೊಳಗೆ ಮುದ್ದೆ ಹುಡುಕತೊಡಗಿದರು. ರಕ್ತ ಕೊಟ್ಟರೆ ಪ್ರೆಸ್ಸು ಎಳೆಯಲು ಬಲ ಇರುತ್ತಾ, ಮಕ್ಕಳಾಗುತ್ತಾ, ಅದು ಇದು. “ಸರಿ ಬಿಡಿ, ಇಲ್ಲಿ ಗಂಡಸರು ಮೀಸೆ ಇಟ್ಟಿರೋದು ಸಾರು ಸೋಸೋಕೆ ಅಂತ ಗೊತ್ತಾಯ್ತು” ಎಂದೆ. ಪುಟ್ಟರಾಜು ತಟ್ಟೆ ತಳ್ಳಿ ಎದ್ದು ನಿಂತ. “ನಡೀರಿ ಮೇಡಮ್ಮೋರೆ, ಎಷ್ಟ್ ಲೀಟ್ರು ಬೇಕು?”

ಅವನು ಹೋದ, ಕೊಟ್ಟ, ಎದ್ದು ನಾಲ್ಕು ಹೆಜ್ಜೆ ನಡೆದು ದೊಪ್ಪನೆ ಬಿದ್ದ. ಬಿದ್ದದ್ದು ಹಸಿವಿಗೆ, ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದ. ಆದರೆ ಮಾರನೆಯ ದಿನ ಬಂದು ಹೇಳಿದ್ದು ಮಾತ್ರ ಹುಲಿ ಹೊಡೆದ ಕಥೆ. ಆ ವರ್ಷ ನಮ್ಮ ಕಾರ್ಖಾನೆಯಲ್ಲಿ ರಕ್ತ ಕೊಡುವುದು ಒಂದು ಪೌರುಷವಾಯಿತು. ಕೊಟ್ಟವನಿಗೆ ಮೂರು ತಿಂಗಳು ಬಿಡುವು ಬೇಕೆಂದು ಹೇಳಿದ್ದರಿಂದ, ಕೊಟ್ಟವರ ಹಾಜರಿ ಕಾರ್ಡಿನ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ತಾರೀಕು ಗುರುತು ಮಾಡುತ್ತಿದ್ದೆ. ಕಾರ್ಡಿನ ಹಲಗೆ ನೋಡಿದರೆ ಸಾಕು, ಈ ತಿಂಗಳು ಯಾರ ಪಾಳಿ ಎಂದು ತಿಳಿಯುತ್ತಿತ್ತು. ಕಾರ್ಡಿನ ಮೇಲೆ ಕೆಂಪು ಗುರುತು ಇಲ್ಲದವನನ್ನು ಉಳಿದವರು “ಏನ್ಲಾ, ಇನ್ನೂ ಕನ್ಯೆನೇನ್ಲಾ ನೀನು?” ಎಂದು ರೇಗಿಸುತ್ತಿದ್ದರು.

ತಮ್ಮ ರಕ್ತವೇ ಸೀದಾ ಕಾವ್ಯಳಿಗೆ ಹೋಗುತ್ತದೆಂದು ಅವರ ನಂಬಿಕೆ. ಆಸ್ಪತ್ರೆಯಲ್ಲಿ ಹಾಗಲ್ಲ, ಇವರದನ್ನು ಇಟ್ಟುಕೊಂಡು ಹೊಂದುವ ಬೇರೆ ಚೀಲ ಕೊಡುತ್ತಾರೆ ಎಂದು ನಾನೂ ಬಿಡಿಸಿ ಹೇಳಲಿಲ್ಲ. “ನಂದು ಹೋದ್ಮೇಲೆ ಮಗ ಖಾರ ತಿಂತಾಳಂತೆ, ಕೇಳ್ರಲಾ” ಎಂದು ಪುಟ್ಟರಾಜು. “ಬುಡಲೇ, ನಂದು ಹೋದ್ಮೇಲೆ ಮಗ್ಗಿ ಬಾಯಿಪಾಠ ಆಗೈತೆ” ಎಂದು ಇನ್ನೊಬ್ಬ. ಹೀಗೆ ರಕ್ತ ಹಾಕುತ್ತ ಹೋದರೆ ಮೈಯಲ್ಲಿ ಕಬ್ಬಿಣದ ಅಂಶ ಸೇರಿಕೊಳ್ಳುತ್ತದೆ, ಮುಂದೆ ಅದನ್ನು ಇಳಿಸಲು ಬೇರೆ ಔಷಧಿ ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಮಾದೇಶನ ತಾಯಿ ಸಂತೆಯಿಂದ ತಂದಿದ್ದ ರಕ್ತದ ಟಾನಿಕ್ಕನ್ನು ಕೊಡಬೇಡಿ ಎಂದಾಗ ಆ ಮುದುಕಿ, “ರಕ್ತ ಇಲ್ಲ ಅಂತೀರಿ, ಕಬ್ಬಿಣ ಜಾಸ್ತಿ ಅಂತೀರಿ. ಇದು ಮಗೀನೋ ಗುದ್ದಲಿನೋ?” ಎಂದು ಜಗಳಕ್ಕೆ ಬಂದಳಂತೆ. ಮಾದೇಶ ಇದನ್ನು ನಗದೆ ಹೇಳಿದ. ನಾವು ನಕ್ಕೆವು.

ಮಗುವನ್ನು ನಾನು ನೋಡಿರಲಿಲ್ಲ. ಸವಿತಳನ್ನೂ ನೋಡಿರಲಿಲ್ಲ. ಆದರೆ ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಫೋನಿನಲ್ಲಿ ನಾವು ಅಕ್ಕತಂಗಿಯರ ಹಾಗಾಗಿದ್ದೆವು. ಜ್ವರದ ಸುದ್ದಿ ಹೇಳಿ, ಉಳಿದ ಅರ್ಧ ನಿಮಿಷದಲ್ಲಿ ಅವಳು ಮಗಳ ಸುದ್ದಿ ಸೇರಿಸುತ್ತಿದ್ದಳು. “ಬಲಗೈಲಿ ಲೋಟ ಹಿಡ್ಕತಾಳೆ ಅಕ್ಕ.” “ಹುಳಕ್ಕೆ ಒಂದೊಂದೇ ಎಲೆ ಹಾಕ್ತಾಳೆ ಅಕ್ಕ, ಬಲಗೈಲೇ.” ಆಷಾಢದ ಒಂದು ದಿನ, “ಬಳಪ ಹಿಡಿದ್ಲು ಅಕ್ಕ. ಅ ಬರೆದ್ಲು, ಒಸಿ ಸೊಟ್ಟಗೈತೆ.” ನಾನು ಟೈಮ್ ಆಫೀಸಿನಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಕಣ್ಣು ಒರೆಸಿಕೊಂಡೆ.

ಶ್ರಾವಣದ ಗಾಳಿ ಜೋರಾಗಿದ್ದ ದಿನ ಅದು. ಮಾದೇಶ ಬೆಳಗಿನ ಪಾಳಿಗೆ ಬಂದಿದ್ದ. ಕಾರ್ಡು ಒತ್ತುವಾಗ, “ಇವತ್ತೋ ನಾಳೆಯೋ ನಾಲ್ಕ್ನೇ ಜ್ವರಕ್ಕೆ ಕೂತ್ಕತವೆ ಮೇಡಂ, ರಜಾ ಬೇಕಾಯ್ತದೆ” ಎಂದಿದ್ದ. ಹನ್ನೊಂದರ ಸುಮಾರಿಗೆ ಫೋನು ಬಂತು. ಗಾಳಿಗೆ ತಂತಿ ಹೊಡೆದಾಡುತ್ತಿದ್ದ ಹಾಗೆ ಗರಗರ ಸದ್ದು. ನಡುವೆ ಸವಿತಳ ದನಿ. “ಅಕ್ಕ, ಜ್ವರ ಬಂದೈತೆ ಅಂತ ನಮ್ ಮಾವಂಗೆ ಹೇಳ್ಬುಡಿ ಅಕ್ಕ.” ಇನ್ನೇನೋ ಹೇಳಹೊರಟಳು. ಲೈನು ಸತ್ತುಹೋಯಿತು.

ನಾನು ರಜಾ ಚೀಟಿಯ ಪುಸ್ತಕ ಹುಡುಕಿ ಇಟ್ಟುಕೊಂಡು, ಪ್ರೆಸ್ ವಿಭಾಗಕ್ಕೆ ಹೋಗಿ ಮಾದೇಶನಿಗೆ ಹೇಳಿದೆ. “ನಾಲ್ಕನೇ ಜ್ವರಕ್ಕೆ ಕೂತವಂತೆ ಕಣಯ್ಯ. ನಾಳಿದ್ದಿಂದ ರಜಾ ಬರ್ಕೋ.”

ಅವನ ಮುಖ ಅರಳಿತು. ಹುಳ ಜ್ವರಕ್ಕೆ ಕೂತರೆ ಮನೆಯಲ್ಲಿ ಇವತ್ತು ಸೊಪ್ಪಿನ ಕೆಲಸ ಇಲ್ಲ. “ಹಂಗಾದ್ರೆ ಇವತ್ತು ಓಟಿ ಮಾಡ್ತೀನಿ ಮೇಡಂ, ಸಾಯಂಕಾಲ ಆರರ ಗಂಟ” ಎಂದ. ನಾನು ಬರೆದುಕೊಂಡೆ.

ಅವಳು ಆಡಿದ ಮಾತನ್ನು ಇದ್ದ ಹಾಗೇ ಹೇಳಿದ್ದರೆ ಸಾಕಿತ್ತು. ಆ ಸೀಮೆಯಲ್ಲಿ ಹುಟ್ಟಿದ ಯಾರನ್ನು ಬೇಕಾದರೂ ಕೇಳಿ: ಹುಳ ಜ್ವರಕ್ಕೆ ಕೂರುತ್ತದೆ, ಜ್ವರ ಬರುವುದು ಮನುಷ್ಯರಿಗೆ. ‘ಜ್ವರ ಬಂದೈತೆ’ ಎಂದು ಕೇಳಿದ್ದರೆ ಮಾದೇಶ ಪ್ರೆಸ್ಸು ಬಿಟ್ಟು ಓಡುತ್ತಿದ್ದ. ನಾನು ಕಲಿತ ಭಾಷೆಯನ್ನು ಮೆರೆಸಲು ಹೋಗಿ ‘ಬಂದೈತೆ’ಯನ್ನು ‘ಕೂತವೆ’ ಮಾಡಿದೆ, ನಾಲ್ಕನೆಯದು ಎಂದು ನನ್ನ ಕೈಯಿಂದ ಲೆಕ್ಕವನ್ನೂ ಸೇರಿಸಿದೆ. ಅರೆಬೆಂದ ವಿದ್ಯೆ ಎನ್ನುತ್ತಾರಲ್ಲ, ಅದು.

ಸಂಜೆ ಐದೂಕಾಲಿಗೆ ನಾನು ಮೇಜು ಬೀಗ ಹಾಕುತ್ತಿದ್ದೆ. ಗೇಟಿನ ಹೊರಗೆ ಆಟೋ ನಿಂತಿತು. ತೆಳ್ಳಗಿನ, ಕೆದರಿದ ತಲೆಯ ಹೆಂಗಸೊಬ್ಬಳು ಎಂಟೊಂಬತ್ತು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಇಳಿದಳು. ಹೊರುವ ವಯಸ್ಸಿನ ಮಗುವಲ್ಲ, ಕಾಲುಗಳು ತಾಯಿಯ ಮೊಣಕಾಲಿನ ಕೆಳಗೆ ಜೋತಾಡುತ್ತಿದ್ದವು. ಗೇಟಿನವನು ತಡೆದ. ಅವಳು ಅವನನ್ನು ದಾಟಿ ನನ್ನ ಕಿಟಕಿಗೆ ಬಂದು, ಮುಖ ನೋಡದೆಯೇ, “ಟೈಮಾಫೀಸಕ್ಕ ನೀವೇನಾ?” ಎಂದಳು. ದನಿ ಕೇಳಿದ ಕೂಡಲೇ ಗೊತ್ತಾಯಿತು.

“ಜ್ವರ ಅಂತ ಹೇಳ್ದೆನಲ್ಲ ಅಕ್ಕ. ಬೆಳಗಿಂದ ಕೆಂಡ ಆಗವ್ಳೆ. ಜ್ವರ ಬಂದ ತಕ್ಷಣ ಕರ್ಕಬನ್ನಿ ಅಂದವ್ರೆ ಡಾಕ್ಟ್ರು. ಈ ಬಸ್ನಲ್ಲಿ ಬತ್ತಾರೆ, ಈ ಬಸ್ನಲ್ಲಿ ಬತ್ತಾರೆ ಅಂತ ಮೂರು ಬಸ್ಸು ಕಾದೆ. ಫೋನು ಸತ್ತೋಗಿತ್ತು. ನಮ್ ಮಾವಂಗೆ ಏನಾಯ್ತು? ಅವ್ರು ಯಾಕ್ ಬರ್ಲಿಲ್ಲ?”

ಕಿಟಕಿಯಿಂದ ಕೈ ಹಾಕಿ ಮಗುವಿನ ಹಣೆ ಮುಟ್ಟಿದೆ. ಉಸಿರು ಮೇಲೆ ಮೇಲೆ ಎಳೆಯುತ್ತಿತ್ತು, ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಬಲಗೈ ತಾಯಿಯ ಬೆನ್ನ ಹಿಂದೆ ಸುಮ್ಮನೆ ನೇತಾಡುತ್ತಿತ್ತು. ನಾನು ಹೇಳಿದ್ದು ಒಂದೇ ಮಾತು, “ಕರೆಸ್ತೀನಿ.”

ಆಮೇಲಿನದನ್ನು ಮಾಡಿದ್ದು ನಾನಲ್ಲ, ಆ ‘ಕತ್ತರಿ’ ಮಾಡಿದ್ದು. ಮಾಲು ತುಂಬಿ ಹೊರಡಲು ನಿಂತಿದ್ದ ಕಂಪನಿ ವ್ಯಾನಿನ ಚಾಲಕನಿಗೆ, ಮಾಲು ಇಳಿಸುವುದು ಬೇಡ, ಹಾಗೇ ಆಸ್ಪತ್ರೆಗೆ ಹೊರಡು ಎಂದೆ. ಮ್ಯಾನೇಜರ ಅಪ್ಪಣೆ ಎಲ್ಲಿ ಎಂದ. ಗೇಟ್ ಪಾಸು ಬರೆಯುವವಳು ನಾನು, ನೀನು ವ್ಯಾನು ಬಿಡು ಎಂದೆ. ಮಾದೇಶ ಎಣ್ಣೆಗೈಯಲ್ಲೇ ಓಡಿಬಂದ. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ನನ್ನನ್ನೂ ಒಂದು ಸಲ ನೋಡಿದ. ಅವನಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಮಗಳನ್ನು ಇಸಿದುಕೊಂಡು ವ್ಯಾನು ಹತ್ತಿದ. ನಾನೂ ಹತ್ತಿದೆ. ಕಗ್ಗಲೀಪುರ ದಾಟಿ ಬೆಂಗಳೂರಿನ ಕಡೆ ಓಡಿದೆವು. ಮಗು ನಡುವೆ ಒಮ್ಮೆ “ಅವ್ವ, ನೀರು” ಎಂದಿತು.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಮಗುವಿಗೆ ಆಮ್ಲಜನಕದ ನಳಿಕೆ ಹಾಕಿ, ಸೂಜಿ ಚುಚ್ಚಿ, ತಿರುಗಿ ಕೇಳಿದರು. “ಜ್ವರ ಎಷ್ಟು ಹೊತ್ತಿನಿಂದ?” ಬೆಳಿಗ್ಗೆ ಹತ್ತರಿಂದ ಎಂದಳು ಸವಿತ. “ಎಷ್ಟು ಸಲ ಹೇಳಿದ್ದೇನೆ! ಎದೆಗೆ ಇಳಿದಿದೆ. ಇಂಥ ಮಗೂನ ಇಷ್ಟು ಹೊತ್ತು ಯಾಕೆ ಇಟ್ಕೊಂಡ್ರಿ?” ನಾನು ಬಾಯಿ ತೆರೆಯಬೇಕಾದ ಜಾಗ ಅದು. ಅಷ್ಟರಲ್ಲಿ ಮಾದೇಶ, “ನಂದೇ ತಪ್ಪು ಅಮ್ಮ. ಹೇಳಿ ಕಳಿಸಿದ್ರು, ನಾನೇ ತಪ್ಪಾಗಿ ತಿಳ್ಕಂಡೆ” ಎಂದ. ಸವಿತ ಗಂಡನ ಕಡೆ ಒಂದು ನೋಟ ನೋಡಿದಳು. ಆ ನೋಟ ನನ್ನ ಮೇಲೆ ಬೀಳಬೇಕಾಗಿತ್ತು. ಅದು ಅವನ ಮೇಲೆ ಬಿದ್ದದ್ದನ್ನು ನೋಡುತ್ತ ಗೋಡೆಗೊರಗಿ ನಿಂತೆ. ಅಷ್ಟು ಹೇಡಿತನ ನನ್ನಲ್ಲಿತ್ತು ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಕೂಡಲೇ ರಕ್ತ ಬೇಕೆಂದರು. ನಾನು ಕೊಡುತ್ತೇನೆ ಎಂದು ಎಲ್ಲರಿಗಿಂತ ಮೊದಲು ರಕ್ತನಿಧಿಗೆ ನುಗ್ಗಿದೆ. ಅಷ್ಟೂ ತಿಂಗಳು ಊರವರ ಕಾರ್ಡಿಗೆಲ್ಲ ಕೆಂಪು ಗುರುತು ಹಾಕಿದವಳು ನಾನು, ಸೂಜಿಗೆ ಹೆದರಿ ಒಂದು ಸಲವೂ ಕೊಟ್ಟಿರಲಿಲ್ಲ. ಬೆರಳು ಚುಚ್ಚಿ ನೋಡಿದ ಹುಡುಗಿ ತಲೆಯಾಡಿಸಿದಳು. “ನಿಮಗೇ ರಕ್ತ ಕಮ್ಮಿ ಇದೆ ಮೇಡಂ. ತಗೊಳ್ಳೋಕೆ ಆಗಲ್ಲ.” ಕೊಟ್ಟು ಕೈ ತೊಳೆದುಕೊಳ್ಳೋಣ ಎಂದರೆ ಅದಕ್ಕೂ ನನಗೆ ಯೋಗ್ಯತೆ ಇರಲಿಲ್ಲ. ಬೆರಳಿಗೆ ಹತ್ತಿ ಒತ್ತಿಕೊಂಡು ಕಾರ್ಖಾನೆಗೆ ಫೋನು ಮಾಡಿದೆ. ಎರಡನೇ ಪಾಳಿಯಿಂದ ನಾಲ್ಕು ಜನ ಬಂದರು.

ಕಾವ್ಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಮೂರು ದಿನ ಏನನ್ನೂ ಹೇಳುವ ಹಾಗಿಲ್ಲ ಎಂದರು. ಕುಡುಗೋಲು ಕಣಗಳಿರುವ ಅವಳ ರಕ್ತವನ್ನು ಒಂದು ಕಡೆಯಿಂದ ತೆಗೆಯುತ್ತ, ಇನ್ನೊಂದು ಕಡೆಯಿಂದ ಬೇರೆಯವರ ರಕ್ತ ಏರಿಸಿದರು. ತಲೆಯ ಸ್ಕ್ಯಾನು ಮಾಡಿಸಿದರು. ಅಲ್ಲಿ ಹೊಸದಾಗಿ ಏನೂ ಕಟ್ಟಿಕೊಂಡಿಲ್ಲ ಎಂದು ಗೊತ್ತಾದ ದಿನ ಮಾದೇಶ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಊರಿನಲ್ಲಿ ಹುಳಗಳನ್ನು ನೆರೆಯವರು ನೋಡಿಕೊಂಡರಂತೆ. ಏಳನೆಯ ದಿನ ಮಗು ಗಂಜಿ ಕೇಳಿತು. ಆದರೆ ವರ್ಷವಿಡೀ ಕೂಡಿಸಿಕೊಂಡಿದ್ದ ಬಲಗೈಯ ಶಕ್ತಿ ಸೋರಿಹೋಗಿತ್ತು. ಚಮಚ ಕೊಟ್ಟರೆ ಹಿಡಿಯುತ್ತಿರಲಿಲ್ಲ. ಮಲಗಿದ್ದ ನಿತ್ರಾಣ, ಮತ್ತೆ ವ್ಯಾಯಾಮ ಮಾಡಿಸಿ, ಬರುತ್ತದೆ ಎಂದರು ಡಾಕ್ಟರಮ್ಮ. ಲೋಟದಿಂದ ಮತ್ತೆ ಶುರು ಮಾಡಬೇಕಿತ್ತು.

ಕೆಲಸ ಮುಗಿಸಿ ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಪ್ರತಿ ಸಲವೂ ಹೇಳಬೇಕೆಂದು ಹೋಗುವುದು, ಕಿತ್ತಲೆ ಹಣ್ಣು ಕೊಟ್ಟು ಬರುವುದು. ಮಾದೇಶ ತನ್ನ ಮಾತನ್ನು ಬದಲಿಸಲಿಲ್ಲ. ಸವಿತ ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವನು ತಂದ ಕಾಫಿಯನ್ನು ಆರುವವರೆಗೆ ಮುಟ್ಟುತ್ತಿರಲಿಲ್ಲ. ನನಗೆ ಅದನ್ನು ನೋಡುವುದು ಮಗುವನ್ನು ನೋಡುವುದಕ್ಕಿಂತ ಕಷ್ಟವಾಯಿತು.

ಮನೆಗೆ ಕಳಿಸುವ ದಿನ ಮಾದೇಶ ಚೀಟಿ ಬರೆಸಲು ಕೆಳಗೆ ಹೋಗಿದ್ದ. ಸವಿತ ಹಾಸಿಗೆಯ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಕಾವ್ಯ ಕಿಟಕಿಯಲ್ಲಿ ಪಾರಿವಾಳ ನೋಡುತ್ತಿದ್ದಳು. ನಾನು ಹೇಳಿದೆ. ಫೋನಿನಲ್ಲಿ ನೀನು ಏನಂದೆ, ನಾನು ಹೋಗಿ ಏನು ಹೇಳಿದೆ, ಅವನು ಏಕೆ ಬರಲಿಲ್ಲ, ಎಲ್ಲ. “ಅವನ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ ಕಣಮ್ಮ. ನಿನ್ನ ಮಗಳ ಕೈ ಕಿತ್ತುಕೊಂಡವಳು ನಾನು” ಎಂದೆ. ಹೇಳುತ್ತ ಹೇಳುತ್ತ ದುಃಖ ಒತ್ತರಿಸಿ ಬಂತು. ಆಸ್ಪತ್ರೆಯ ಆ ವಾರ್ಡಿನಲ್ಲಿ, ಅಷ್ಟು ಜನ ತಾಯಂದಿರ ನಡುವೆ, ಏನೂ ಕಳೆದುಕೊಳ್ಳದ ನಾನು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಸವಿತ ಸಮಾಧಾನ ಮಾಡಲಿಲ್ಲ. ನನ್ನ ಅಳು ಒಂದು ಹದಕ್ಕೆ ಬರುವವರೆಗೆ ಬಟ್ಟೆ ಮಡಿಸುತ್ತಲೇ ಇದ್ದಳು.

“ನೀವ್ ಮಾಡಿದ್ದು ತಪ್ಪೇ ಅಕ್ಕ” ಎಂದಳು. “ಇಲ್ಲ ಅನ್ನಕ್ಕಿಲ್ಲ. ಪಾಪ, ಹನ್ನೊಂದು ದಿನ ನಮ್ ಮಾವನ್ನ ಸುಮ್ ಸುಮ್ನೆ ಮಾತಾಡಿಸ್ನಿಲ್ಲ ನಾನು.” ಮಗಳ ಲಂಗವನ್ನು ಮಡಿಸಿ ಚೀಲಕ್ಕೆ ಹಾಕಿದಳು. “ತಪ್ಪು ಅಂತ ಅಳಕ್ಕೆ ಕೂತ್ರೆ ನಾನೆಷ್ಟ್ ಅಳ್ಬೇಕು, ಯೋಳಿ. ಇವಳಿಗೆ ಈ ಕಾಯ್ಲೆ ಬಂದಿದ್ದು ನಮ್ ರಕ್ತದಿಂದ್ಲೇ. ಹೆತ್ತು, ಈಗ ಒಂದ್ ತೊಟ್ಟು ಕೊಡಕ್ಕೂ ಆಗಕ್ಕಿಲ್ಲ ನಂಗೆ. ಒಂದು ವರ್ಸ ಅತ್ತೆ. ಅಳ್ತಾ ಇರೋವಾಗ್ಲೂ ಇವಳ ತಾರೀಕು ಬತ್ತಾನೇ ಇರ್ತದೆ.”

ಅವಳು ಫೈಲು ತೆರೆದು ಕೊನೆಯ ಹಾಳೆ ನನ್ನ ಕಡೆ ತಿರುಗಿಸಿದಳು.

“ಕಣ್ಣೊರೆಸ್ಕಳಿ ಅಕ್ಕ. ಹದಿನೇಳಕ್ಕೆ ರಕ್ತ ಐತೆ. ಇಬ್ರು ಬೇಕು, ಬರ್ಕಳಿ.”

ನಾನು ಮೂಗು ಸೀಟಿಕೊಂಡು, ಚೀಲದಲ್ಲಿ ಪೆನ್ನು ಹುಡುಕಿದೆ.